ತೆರೆದವರೇ ಮುಚ್ಚಲಿ: ಪೈಥಾನ್ ಮಲ್ಟಿಪ್ರೊಸೆಸಿಂಗ್‌ಗೆ 15 ಸೂತ್ರಗಳು

ಒಂದೇ ಪ್ರೊಸೆಸ್‌ನಲ್ಲಿ ನೆಟ್ಟಗೆ ಓಡುತ್ತಿದ್ದ ಪೈಥಾನ್ ಪ್ರೋಗ್ರಾಂಗೆ ವೇಗ ಸಾಲದೆಂದು ನಾಲ್ಕು ವರ್ಕರ್‌ಗಳನ್ನು ಜೋಡಿಸುತ್ತೀರಿ. ತೊಂದರೆ ಅಲ್ಲಿಂದ ಶುರು. ಡೇಟಾಬೇಸ್ ಕನೆಕ್ಷನ್ ನಡುವೆಯೇ ಕಡಿಯುತ್ತದೆ. ಒಂದೇ ಸಾಲು ಫೈಲಿನಲ್ಲಿ ಎರಡು ಸಲ ಬೀಳುತ್ತದೆ. ಪೇರೆಂಟ್ ಇನ್ನೂ ಬಳಸುತ್ತಿರುವ ತಾತ್ಕಾಲಿಕ ಫೋಲ್ಡರ್ ಕಾಣೆಯಾಗುತ್ತದೆ. ಬೇರೆ ಬೇರೆ ರೋಗಗಳಂತೆ ತೋರುವ ಇವಕ್ಕೆಲ್ಲ ಬೇರು ಒಂದೇ: ಫೋರ್ಕ್ ಆದ ಮೇಲೆ ಯಾವುದನ್ನು ಯಾರು ಮುಚ್ಚಬೇಕು ಎಂಬುದು ತೀರ್ಮಾನವಾಗಿಲ್ಲ.

ಫೋರ್ಕ್ ಎಂದರೆ ಪೇರೆಂಟ್‌ನ ಇಡೀ ಮೆಮೊರಿಯ ಪ್ರತಿ ಚೈಲ್ಡ್‌ನ ಕೈಗೆ ಬಂದಂತೆ. ಪೈಥಾನ್ ಆಬ್ಜೆಕ್ಟ್ ಎರಡಾಗುತ್ತದೆ. ಅದರ ಹಿಂದಿರುವ ಸಾಕೆಟ್, ಡಿಸ್ಕಿನ ಫೈಲ್, ಸರ್ವರ್‌ನಲ್ಲಿರುವ ಸೆಷನ್ ಒಂದೊಂದೇ ಉಳಿಯುತ್ತವೆ. ಪಹಣಿಯನ್ನು ಜೆರಾಕ್ಸ್ ಮಾಡಿಸಿದರೆ ಹೊಲ ಎರಡಾಗುವುದಿಲ್ಲ. ಪ್ರತಿ ಹಿಡಿದ ಇಬ್ಬರೂ ಅದೇ ಹೊಲವನ್ನು ಮಾರಲು ಹೊರಟರೆ ವ್ಯಾಜ್ಯ ತಪ್ಪುವುದಿಲ್ಲ. ಆ ವ್ಯಾಜ್ಯ ಹುಟ್ಟದಂತೆ ನೋಡಿಕೊಳ್ಳುವ ಸೂತ್ರಗಳು ಇಲ್ಲಿವೆ.

1. ಪ್ರತಿ ಸಂಪನ್ಮೂಲಕ್ಕೂ ಒಬ್ಬನೇ ಒಡೆಯ

ಕೋಡ್ ಬರೆಯುವ ಮೊದಲು ಒಂದು ಪಟ್ಟಿ ಮಾಡಿ. ಫೈಲ್, ಸಾಕೆಟ್, ಡೇಟಾಬೇಸ್ ಕನೆಕ್ಷನ್, ತಾತ್ಕಾಲಿಕ ಫೋಲ್ಡರ್, ಲಾಕ್ ಫೈಲ್, ಹಂಚಿಕೊಂಡ ಮೆಮೊರಿ: ಪ್ರತಿಯೊಂದರ ಎದುರು ಅದನ್ನು ತೆರೆಯುವ ಪ್ರೊಸೆಸ್ ಯಾವುದು, ಮುಚ್ಚುವ ಪ್ರೊಸೆಸ್ ಯಾವುದು ಎಂದು ಬರೆಯಿರಿ. ಎರಡೂ ಕಡೆ ಒಂದೇ ಉತ್ತರ ಬರಬೇಕು. ಬಾರದ ಸಾಲಿಗೆ ಸುತ್ತು ಹಾಕಿ. ಮುಂದೆ ಬಗ್ ಹುಟ್ಟುವುದು ಅಲ್ಲೇ. ಮುಂದಿನ ಎಲ್ಲ ಸೂತ್ರಗಳೂ ಈ ಪಟ್ಟಿಯನ್ನು ಉಳಿಸಿಕೊಳ್ಳುವ ಉಪಾಯಗಳೇ.

2. ಚೈಲ್ಡ್ ಹೊರಹೋಗುವ ದಾರಿಯನ್ನು ಅರಿಯಿರಿ

ಸಾಮಾನ್ಯ ಪ್ರೋಗ್ರಾಂ ಮುಗಿಯುವಾಗ ಪೈಥಾನ್ ಅಟ್‌ಎಕ್ಸಿಟ್ ಕಾರ್ಯಗಳನ್ನು ಓಡಿಸುತ್ತದೆ, ಮಾಡ್ಯೂಲ್‌ಗಳನ್ನು ಕಳಚುತ್ತದೆ, ಉಳಿದ ಆಬ್ಜೆಕ್ಟ್‌ಗಳನ್ನು ಬಿಡುಗಡೆ ಮಾಡುತ್ತದೆ. ಫೋರ್ಕ್ ಆದ ಚೈಲ್ಡ್‌ಗೆ ಈ ದಾರಿ ಇಲ್ಲ. ನೀವು ಕೊಟ್ಟ ಫಂಕ್ಷನ್ ಮುಗಿದೊಡನೆ ಮಲ್ಟಿಪ್ರೊಸೆಸಿಂಗ್ ತನ್ನ ಆಂತರಿಕ ಕ್ಲೀನಪ್ ನಡೆಸಿ, ಸ್ಟ್ಯಾಂಡರ್ಡ್ ಔಟ್‌ಪುಟ್ ಫ್ಲಶ್ ಮಾಡಿ, ‘ಓಎಸ್._ಎಕ್ಸಿಟ್’ ಕರೆಯುತ್ತದೆ. ಅಲ್ಲಿಗೆ ಎಲ್ಲವೂ ನಿಂತಿತು. ಗ್ಲೋಬಲ್ ಆಬ್ಜೆಕ್ಟ್‌ಗಳ ‘__ಡೆಲ್__’ ಓಡುವುದಿಲ್ಲ. ಪೇರೆಂಟ್‌ನಲ್ಲಿ ನೋಂದಾಯಿಸಿದ್ದ ಅಟ್‌ಎಕ್ಸಿಟ್ ಕಾರ್ಯಗಳೂ ಓಡುವುದಿಲ್ಲ.

ಹೀಗೆ ಮಾಡಿರುವುದಕ್ಕೆ ಗಟ್ಟಿ ಕಾರಣವಿದೆ. ಆ ಕಾರ್ಯಗಳು ಪೇರೆಂಟ್‌ಗೆ ಸೇರಿದವು. ಚೈಲ್ಡ್ ಅವನ್ನು ಓಡಿಸಿದರೆ ಪೇರೆಂಟ್‌ನ ಫೈಲ್‌ಗಳೇ ಅಳಿಯುತ್ತವೆ. ಆದರೆ ಚೈಲ್ಡ್ ತಾನೇ ತೆರೆದು ಗ್ಲೋಬಲ್‌ನಲ್ಲಿ ಇಟ್ಟುಕೊಂಡದ್ದೂ ಮುಚ್ಚದೆ ಉಳಿಯುತ್ತದೆ ಎಂಬುದನ್ನು ಮರೆಯಬೇಡಿ.

3. ಕ್ಲೀನಪ್ ಅನ್ನು ‘__ಡೆಲ್__’ ನಂಬಿ ಬಿಡಬೇಡಿ

‘__ಡೆಲ್__’ ಎರಡು ರೀತಿಯಲ್ಲಿ ಕೈಕೊಡುತ್ತದೆ. ಬೇಕಾದಾಗ ಓಡದಿರಬಹುದು, ಆಬ್ಜೆಕ್ಟ್ ಗ್ಲೋಬಲ್ ಆಗಿದ್ದರೆ ಚೈಲ್ಡ್‌ನಲ್ಲಿ ಓಡುವುದೇ ಇಲ್ಲ. ಬೇಡವಾದಾಗ ಓಡಿಬಿಡಬಹುದು, ಚೈಲ್ಡ್‌ನಲ್ಲಿ ಹಳೆಯ ಗ್ಲೋಬಲ್ ಹೆಸರಿಗೆ ಹೊಸ ಕನೆಕ್ಷನ್ ಕೊಟ್ಟ ಕ್ಷಣ, ಪೇರೆಂಟ್‌ನಿಂದ ಬಂದ ಹಳೆಯ ಪ್ರತಿಯ ರೆಫರೆನ್ಸ್ ಎಣಿಕೆ ಸೊನ್ನೆಗೆ ಇಳಿದು ಅದರ ಕ್ಲೀನಪ್ ಶುರುವಾಗುತ್ತದೆ. ಚೈಲ್ಡ್ ತನ್ನ ಪಾಡಿಗೆ ಹೊಸದನ್ನು ತೆರೆಯುವಷ್ಟರಲ್ಲಿ ಪೇರೆಂಟ್‌ನ ಕನೆಕ್ಷನ್ ಸತ್ತಿರುತ್ತದೆ.

ಚೈಲ್ಡ್‌ನ ಸಂಪನ್ಮೂಲವನ್ನು ಚೈಲ್ಡ್‌ನ ಫಂಕ್ಷನ್ ಒಳಗೇ ‘ವಿತ್’ ಅಥವಾ ‘ಟ್ರೈ–ಫೈನಲಿ’ ಕಟ್ಟಿನಲ್ಲಿ ತೆರೆಯಿರಿ. ಫಂಕ್ಷನ್ ಸರಿಯಾಗಿ ಮುಗಿದರೂ, ಎಕ್ಸೆಪ್ಶನ್ ಬಂದರೂ, ‘ಓಎಸ್._ಎಕ್ಸಿಟ್’ಗೆ ಮುನ್ನವೇ ಅದು ಮುಚ್ಚಿಕೊಳ್ಳುತ್ತದೆ. ಇಡೀ ಲೇಖನದಿಂದ ಒಂದನ್ನೇ ಪಾಲಿಸುವುದಾದರೆ ಇದನ್ನು ಪಾಲಿಸಿ.

4. ಅಳಿಸುವ ಮೊದಲು ಪಿಐಡಿ ನೋಡಿ

ನಿಮ್ಮ ಕ್ಲಾಸ್ ಹೊರಗಿನ ಸಂಪನ್ಮೂಲವೊಂದನ್ನು ಹಿಡಿದಿದ್ದರೆ, ಅದನ್ನು ತೆರೆಯುವಾಗಲೇ ‘ಓಎಸ್.ಗೆಟ್‌ಪಿಡ್’ ಉತ್ತರವನ್ನು ಆಬ್ಜೆಕ್ಟ್‌ನಲ್ಲಿ ಬರೆದಿಡಿ. ಮುಚ್ಚುವಾಗ ಮತ್ತೆ ಕೇಳಿ. ಎರಡೂ ಒಂದೇ ಆದರೆ ಮುಚ್ಚಿ, ಬೇರೆಯಾದರೆ ಸುಮ್ಮನಿರಿ.

ಇದು ಹಿರಿಯ ಲೈಬ್ರರಿಗಳು ಪಾಲಿಸುವ ಕ್ರಮ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ಗೆ ಬಳಸುವ ಸೈಕಾಪ್‌ಜಿ2 ತನ್ನ ಕನೆಕ್ಷನ್ ಆಬ್ಜೆಕ್ಟ್ ನಾಶವಾಗುವಾಗ ಪಿಐಡಿ ಹೋಲಿಸಿ ನೋಡುತ್ತದೆ. ಬೇರೆ ಪ್ರೊಸೆಸ್‌ನಲ್ಲಿ ಹುಟ್ಟಿದ ಕನೆಕ್ಷನ್ ಆದರೆ ಮುಟ್ಟುವುದಿಲ್ಲ. ಮಲ್ಟಿಪ್ರೊಸೆಸಿಂಗ್‌ನ ಒಳಗಿರುವ ‘ಯುಟಿಲ್.ಫೈನಲೈಸ್’ ಕೂಡ ಹಾಗೆಯೇ: ನೋಂದಾಯಿಸಿದ ಪ್ರೊಸೆಸ್‌ನಲ್ಲಿ ಮಾತ್ರ ಓಡುತ್ತದೆ. ‘ವೀಕ್‌ರೆಫ್.ಫೈನಲೈಸ್’ಗೆ ಈ ಎಚ್ಚರ ಇಲ್ಲ. ಅದರ ಮೇಲೆ ಕಟ್ಟಿದ ‘ಟೆಂಪರರಿ‌ಡೈರೆಕ್ಟರಿ’ ಆಬ್ಜೆಕ್ಟ್‌ನ ಪ್ರತಿ ಚೈಲ್ಡ್‌ನಲ್ಲಿ ನಾಶವಾದರೆ, ಪೇರೆಂಟ್ ಬಳಸುತ್ತಿರುವ ಫೋಲ್ಡರ್ ಡಿಸ್ಕಿನಿಂದಲೇ ಹೋಗುತ್ತದೆ. ಚೈಲ್ಡ್‌ಗೆ ಆ ಆಬ್ಜೆಕ್ಟನ್ನು ಕೊಡದೆ ಫೋಲ್ಡರಿನ ಹಾದಿಯನ್ನು ಮಾತ್ರ ಕೊಡಿ.

5. ಡೇಟಾಬೇಸ್ ಬಾಗಿಲು ಫೋರ್ಕ್ ಆದ ಮೇಲೆ ತೆರೆಯಲಿ

ಸಾಕೆಟ್ ಒಂದನ್ನು ಚೈಲ್ಡ್ ಬರೀ ‘ಕ್ಲೋಸ್’ ಮಾಡಿದರೆ ಪೇರೆಂಟ್‌ಗೆ ಹಾನಿಯಿಲ್ಲ. ಕರ್ನಲ್ ಎಣಿಕೆಯಲ್ಲಿ ಒಂದು ಕಡಿಮೆಯಾಗುತ್ತದೆ, ಅಷ್ಟೆ. ಹಾನಿ ಆಗುವುದು ವಿದಾಯದ ಸಂದೇಶದಿಂದ. ಡೇಟಾಬೇಸ್ ಡ್ರೈವರ್ ಮುಚ್ಚುವಾಗ ಸರ್ವರ್‌ಗೆ ‘ಮುಗಿಯಿತು’ ಎಂದು ತಿಳಿಸುತ್ತದೆ. ಆ ಮಾತು ಹೇಳಿದ್ದು ಚೈಲ್ಡೋ ಪೇರೆಂಟೋ ಎಂದು ಸರ್ವರ್‌ಗೆ ಗೊತ್ತಾಗದು. ಅದು ಸೆಷನ್ನನ್ನೇ ಕೊನೆಗೊಳಿಸುತ್ತದೆ. ಇಬ್ಬರೂ ಒಂದೇ ಸಾಕೆಟ್‌ನಲ್ಲಿ ಪ್ರಶ್ನೆ ಕಳಿಸಿದರೆ ಇನ್ನೂ ಕೇಡು: ಒಬ್ಬರ ಉತ್ತರ ಇನ್ನೊಬ್ಬರ ಕೈಗೆ ಬೀಳುತ್ತದೆ.

ಎಸ್‌ಕ್ಯೂಲೈಟ್‌ನ ದಸ್ತಾವೇಜು ಈ ವಿಷಯದಲ್ಲಿ ಖಂಡಿತವಾಗಿ ಹೇಳುತ್ತದೆ: ಕನೆಕ್ಷನ್ ತೆರೆದು ಫೋರ್ಕ್ ಮಾಡಿ ಅದನ್ನು ಚೈಲ್ಡ್‌ನಲ್ಲಿ ಬಳಸಕೂಡದು; ಅಲ್ಲಿ ಮುಚ್ಚಲೂ ಕೂಡದು. ಮೀರಿದರೆ ಡೇಟಾಬೇಸ್ ಫೈಲೇ ಕೆಡಬಹುದು. ಎಸ್‌ಕ್ಯೂಎಲ್‌ಆಲ್ಕೆಮಿ ಬಳಸುವವರು ಚೈಲ್ಡ್‌ನ ಆರಂಭದಲ್ಲಿ ಎಂಜಿನ್‌ನ ‘ಡಿಸ್ಪೋಸ್’ ಅನ್ನು ‘ಕ್ಲೋಸ್=ಫಾಲ್ಸ್’ ಎಂದು ಕರೆಯಲಿ. ಹಳೆಯ ಕನೆಕ್ಷನ್‌ಗಳನ್ನು ಮುಟ್ಟದೆ ಹೊಸ ಪೂಲ್ ಶುರುವಾಗುತ್ತದೆ.

6. ವರ್ಕರ್‌ಗೆ ಬೇಕಾದ್ದನ್ನು ಇನಿಷಿಯಲೈಸರ್‌ನಲ್ಲಿ ತೆರೆಯಿರಿ

ಪೂಲ್ ವರ್ಕರ್ ನೂರಾರು ಕೆಲಸ ಮಾಡುತ್ತದೆ. ಪ್ರತಿ ಕೆಲಸಕ್ಕೂ ಕನೆಕ್ಷನ್ ತೆರೆದು ಮುಚ್ಚುವುದು ದುಬಾರಿ. ‘ಪೂಲ್’ಗೆ ಇನಿಷಿಯಲೈಸರ್ ಫಂಕ್ಷನ್ ಕೊಡಿ, ಪ್ರತಿ ವರ್ಕರ್ ಹುಟ್ಟಿದಾಗ ಅದು ಒಮ್ಮೆ ಓಡುತ್ತದೆ. ಅಲ್ಲೇ ಕನೆಕ್ಷನ್ ತೆರೆದು, ‘ಯುಟಿಲ್.ಫೈನಲೈಸ್’ ಮೂಲಕ ಅದನ್ನು ಮುಚ್ಚುವ ಕಾರ್ಯವನ್ನೂ ನೋಂದಾಯಿಸಿ. ‘ಎಕ್ಸಿಟ್‌ಪ್ರಯಾರಿಟಿ’ಗೆ ಒಂದು ಸಂಖ್ಯೆ ಕೊಡಲೇಬೇಕು, ಕೊಡದಿದ್ದರೆ ಪ್ರೊಸೆಸ್ ಮುಗಿಯುವಾಗ ಅದು ಓಡುವುದಿಲ್ಲ. ದೊಡ್ಡ ಸಂಖ್ಯೆಯದು ಮೊದಲು ಓಡುತ್ತದೆ.

ನೋಂದಣಿ ಚೈಲ್ಡ್‌ನಲ್ಲೇ ಆಗಬೇಕು. ಪೇರೆಂಟ್‌ನಲ್ಲಿ ನೋಂದಾಯಿಸಿದ್ದನ್ನು ಚೈಲ್ಡ್ ಆರಂಭದಲ್ಲೇ ಅಳಿಸಿಹಾಕುತ್ತದೆ. ‘ಯುಟಿಲ್.ಫೈನಲೈಸ್’ ಅಧಿಕೃತ ದಸ್ತಾವೇಜಿನಲ್ಲಿ ವಿವರಿಸದ ಆಂತರಿಕ ಸಾಧನ. ಆದ್ದರಿಂದ ಅದನ್ನು ಒಂದೇ ಸಣ್ಣ ಫಂಕ್ಷನ್ ಒಳಗೆ ಅಡಗಿಸಿಡಿ. ನಾಳೆ ಬದಲಿಸಬೇಕಾದರೆ ಒಂದೇ ಜಾಗ ತಿದ್ದಿದರೆ ಸಾಕು.

7. ಪೂಲ್‌ಗೆ ಮೊದಲು ಕ್ಲೋಸ್, ಆಮೇಲೆ ಜಾಯಿನ್

‘ವಿತ್ ಪೂಲ್’ ಎಂದು ಬರೆದರೆ ಎಲ್ಲವೂ ನಯವಾಗಿ ಮುಗಿಯುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಆ ಕಟ್ಟಿನಿಂದ ಹೊರಬರುವಾಗ ಪೈಥಾನ್ ಕರೆಯುವುದು ‘ಟರ್ಮಿನೇಟ್’. ವರ್ಕರ್‌ಗಳು ನಿಂತಲ್ಲೇ ಸಾಯುತ್ತವೆ. ಆರನೇ ಸೂತ್ರದಲ್ಲಿ ನೋಂದಾಯಿಸಿದ ಕ್ಲೀನಪ್ ಓಡುವುದಿಲ್ಲ. ಕಟ್ಟಿನ ಕೊನೆಯ ಎರಡು ಸಾಲುಗಳಾಗಿ ‘ಕ್ಲೋಸ್’ ಮತ್ತು ‘ಜಾಯಿನ್’ ಬರೆಯಿರಿ. ಆಗ ಪ್ರತಿ ವರ್ಕರ್ ಕೈಯಲ್ಲಿದ್ದ ಕೆಲಸ ಮುಗಿಸಿ, ತನ್ನ ಕ್ಲೀನಪ್ ನಡೆಸಿ ಹೊರಡುತ್ತದೆ.

ಪೂಲ್ ಆಬ್ಜೆಕ್ಟನ್ನು ಹಾಗೆಯೇ ಕೈಬಿಟ್ಟು ಗಾರ್ಬೇಜ್ ಕಲೆಕ್ಟರ್ ನೋಡಿಕೊಳ್ಳಲಿ ಎನ್ನುವುದಂತೂ ಸಲ್ಲದು. ಪೈಥಾನ್ 3.8ರಿಂದ ಹೀಗೆ ಬಿಟ್ಟ ಪೂಲ್‌ಗೆ ‘ರಿಸೋರ್ಸ್‌ವಾರ್ನಿಂಗ್’ ಬರುತ್ತದೆ.

8. ಟರ್ಮಿನೇಟ್ ಕೊನೆಯ ಅಸ್ತ್ರವಾಗಿರಲಿ

ಯುನಿಕ್ಸ್‌ನಲ್ಲಿ ‘ಟರ್ಮಿನೇಟ್’ ಕಳಿಸುವುದು ಸಿಗ್‌ಟರ್ಮ್. ಚೈಲ್ಡ್ ಅದಕ್ಕೆ ಹ್ಯಾಂಡ್ಲರ್ ಇಟ್ಟುಕೊಳ್ಳದಿದ್ದರೆ ಅಲ್ಲೇ ಸಾವು. ‘ಫೈನಲಿ’ ಕೂಡ ಓಡದು. ಡೀಮನ್ ಎಂದು ಗುರುತಿಸಿದ ಚೈಲ್ಡ್‌ಗಳಿಗೂ ಪೇರೆಂಟ್ ಮುಗಿಯುವಾಗ ಇದೇ ಗತಿ. ಮುಖ್ಯ ಕಡತ ಬರೆಯುವ ಚೈಲ್ಡನ್ನು ಎಂದಿಗೂ ಡೀಮನ್ ಮಾಡಬೇಡಿ.

ನಿಲ್ಲಿಸಲು ಮೂರು ಹಂತ ಇಟ್ಟುಕೊಳ್ಳಿ. ಮೊದಲು ‘ಇವೆಂಟ್’ ಅಥವಾ ಕ್ಯೂನಲ್ಲಿ ‘ನನ್’ ಕಳಿಸಿ ನಿಲ್ಲಲು ಹೇಳಿ. ಆಮೇಲೆ ಗಡುವು ಹಾಕಿ ‘ಜಾಯಿನ್’ ಮಾಡಿ. ಆಗಲೂ ನಿಲ್ಲದಿದ್ದರೆ ‘ಟರ್ಮಿನೇಟ್’, ಅದಕ್ಕೂ ಜಗ್ಗದಿದ್ದರೆ ‘ಕಿಲ್’. ಚೈಲ್ಡ್‌ನ ಆರಂಭದಲ್ಲಿ ಸಿಗ್‌ಟರ್ಮ್‌ಗೆ ‘ಸಿಸ್.ಎಕ್ಸಿಟ್’ ಕರೆಯುವ ಹ್ಯಾಂಡ್ಲರ್ ಇಟ್ಟರೆ ಮೂರನೇ ಹಂತದಲ್ಲೂ ‘ಫೈನಲಿ’ ಓಡುತ್ತದೆ. ಸಿಗ್‌ಕಿಲ್‌ಗೆ ಮಾತ್ರ ಯಾವ ಹ್ಯಾಂಡ್ಲರೂ ನಿಲ್ಲದು.

ಮುಗಿದ ಮೇಲೆ ‘ಎಕ್ಸಿಟ್‌ಕೋಡ್’ ನೋಡಿ. ಸೊನ್ನೆ ಎಂದರೆ ಸುಸೂತ್ರ. ಮೈನಸ್ 15 ಎಂದರೆ ಸಿಗ್‌ಟರ್ಮ್, ಮೈನಸ್ 9 ಎಂದರೆ ಸಿಗ್‌ಕಿಲ್. ನೀವು ‘ಕಿಲ್’ ಕರೆಯದೆಯೇ ಮೈನಸ್ 9 ಬಂದಿದ್ದರೆ ಮೊದಲು ಮೆಮೊರಿ ಸಾಕಾಯಿತೇ ಎಂದು ಪರೀಕ್ಷಿಸಿ. ಲಿನಕ್ಸ್ ಮೆಮೊರಿ ಮುಗಿದಾಗ ಪ್ರೊಸೆಸ್‌ಗಳನ್ನು ಕೊಲ್ಲುವುದು ಹೀಗೆಯೇ.

9. ನೇರ ಫೋರ್ಕ್ ಮಾಡಿದರೆ ಸಿಸ್.ಎಕ್ಸಿಟ್ ಬೇಡ

ಮಲ್ಟಿಪ್ರೊಸೆಸಿಂಗ್ ಬಿಟ್ಟು ನೀವೇ ‘ಓಎಸ್.ಫೋರ್ಕ್’ ಕರೆದರೆ ಎಲ್ಲ ಹೊಣೆ ನಿಮ್ಮದು. ಚೈಲ್ಡ್‌ನಲ್ಲಿ ‘ಸಿಸ್.ಎಕ್ಸಿಟ್’ ಎಂದರೆ ಒಂದು ಎಕ್ಸೆಪ್ಶನ್ ಹೊರಟಂತೆ. ಅದು ಪೇರೆಂಟ್ ಕಟ್ಟಿದ್ದ ಸ್ಟ್ಯಾಕ್‌ನ ಉದ್ದಕ್ಕೂ ಮೇಲೇರುತ್ತ, ದಾರಿಯಲ್ಲಿ ಸಿಕ್ಕ ಪ್ರತಿ ‘ವಿತ್’, ಪ್ರತಿ ‘ಫೈನಲಿ’ಯನ್ನು ಚೈಲ್ಡ್‌ನಲ್ಲಿ ಓಡಿಸುತ್ತದೆ. ಅವೇ ಸಾಲುಗಳು ಆಮೇಲೆ ಪೇರೆಂಟ್‌ನಲ್ಲೂ ಓಡುತ್ತವೆ. ಲಾಕ್ ಫೈಲ್ ಎರಡು ಸಲ ಅಳಿಯುತ್ತದೆ. ಚೈಲ್ಡ್‌ನ ಇಡೀ ಕೆಲಸವನ್ನು ‘ಟ್ರೈ’ ಒಳಗಿಟ್ಟು, ಅದರ ‘ಫೈನಲಿ’ಯಲ್ಲಿ ‘ಓಎಸ್._ಎಕ್ಸಿಟ್’ ಕರೆಯಿರಿ.

10. ಬಫರ್ ಬರಿದು ಮಾಡಿ

ಫೋರ್ಕ್‌ಗೆ ಮುನ್ನ ಪೇರೆಂಟ್‌ನ ಫೈಲ್ ಬಫರಿನಲ್ಲಿ ಬರೆಯದೆ ಉಳಿದ ಸಾಲುಗಳಿದ್ದರೆ ಅವೂ ಪ್ರತಿಯಾಗುತ್ತವೆ. ಚೈಲ್ಡ್ ಆ ಫೈಲನ್ನು ಫ್ಲಶ್ ಮಾಡಿದರೆ ಅಥವಾ ಮುಚ್ಚಿದರೆ ಅದೇ ಸಾಲುಗಳು ಎರಡು ಸಲ ಡಿಸ್ಕಿಗೆ ಹೋಗುತ್ತವೆ. ತದ್ವಿರುದ್ಧವೂ ಉಂಟು: ಪೇರೆಂಟ್ ತೆರೆದ ಗ್ಲೋಬಲ್ ಫೈಲಿಗೆ ಚೈಲ್ಡ್ ಬರೆದು ಫ್ಲಶ್ ಮಾಡದಿದ್ದರೆ, ‘ಓಎಸ್._ಎಕ್ಸಿಟ್’ ಆ ಸಾಲುಗಳನ್ನು ಚೆಲ್ಲಿಬಿಡುತ್ತದೆ. ಫೋರ್ಕ್‌ಗೆ ಮುನ್ನ ಎಲ್ಲ ತೆರೆದ ಫೈಲುಗಳನ್ನು ಫ್ಲಶ್ ಮಾಡಿ. ಪ್ರತಿ ಚೈಲ್ಡ್‌ಗೂ ಪ್ರತ್ಯೇಕ ಫೈಲ್ ಕೊಡಿ.

11. ಪೈಪಿನ ಬೇಡದ ತುದಿ ಮುಚ್ಚಿ, ಕ್ಯೂ ಮೊದಲು ಖಾಲಿ ಮಾಡಿ

ಪೈಪಿನಿಂದ ಓದುವವನಿಗೆ ‘ಇನ್ನಿಲ್ಲ’ ಎಂಬ ಸೂಚನೆ ಸಿಗಬೇಕಾದರೆ ಬರೆಯುವ ತುದಿಯ ಎಲ್ಲ ಪ್ರತಿಗಳೂ ಮುಚ್ಚಿರಬೇಕು. ಫೋರ್ಕ್ ಎರಡೂ ತುದಿಗಳನ್ನು ಎಲ್ಲರಿಗೂ ಹಂಚುತ್ತದೆ. ಚೈಲ್ಡ್ ಶುರುವಾದ ಕೂಡಲೇ ಪೇರೆಂಟ್ ತನಗೆ ಬೇಡದ ತುದಿಯನ್ನು, ಚೈಲ್ಡ್ ತನಗೆ ಬೇಡದ ತುದಿಯನ್ನು ಮುಚ್ಚಲಿ. ಬರೆಯುವ ತುದಿಯನ್ನು ಮುಚ್ಚಲು ಒಬ್ಬರು ಮರೆತರೂ ಓದುವವರು ಕಾಯುತ್ತಲೇ ಇರುತ್ತಾರೆ.

ಕ್ಯೂ ವಿಷಯದಲ್ಲಿ ಕ್ರಮ ಮುಖ್ಯ. ಕ್ಯೂಗೆ ಹಾಕಿದ ಚೈಲ್ಡ್ ತನ್ನ ಸರಕೆಲ್ಲ ಪೈಪ್ ಸೇರುವ ತನಕ ಮುಗಿಯುವುದಿಲ್ಲ. ಲಿನಕ್ಸ್‌ನಲ್ಲಿ ಪೈಪಿನ ವಾಡಿಕೆಯ ಸಾಮರ್ಥ್ಯ 65,536 ಬೈಟ್. ಅದು ತುಂಬಿದ ಮೇಲೆ ಚೈಲ್ಡ್ ಕಾಯುತ್ತದೆ. ಪೇರೆಂಟ್ ಓದದೆ ‘ಜಾಯಿನ್’ ಕರೆದರೆ ಅದೂ ಕಾಯುತ್ತದೆ. ಮೊದಲು ಓದಿ, ಆಮೇಲೆ ಜಾಯಿನ್ ಮಾಡಿ.

12. ಥ್ರೆಡ್ ಹುಟ್ಟುವ ಮೊದಲೇ ಫೋರ್ಕ್ ಆಗಲಿ

ಫೋರ್ಕ್ ಕರೆದ ಥ್ರೆಡ್ ಒಂದೇ ಚೈಲ್ಡ್‌ನಲ್ಲಿ ಬದುಕಿರುತ್ತದೆ. ಉಳಿದ ಥ್ರೆಡ್‌ಗಳು ಇಲ್ಲ. ಆದರೆ ಅವು ಹಿಡಿದಿದ್ದ ಲಾಕ್‌ಗಳು ಹಿಡಿದಂತೆಯೇ ಪ್ರತಿಯಾಗಿರುತ್ತವೆ. ಬಿಡಿಸುವವರು ಯಾರೂ ಉಳಿದಿಲ್ಲ. ಚೈಲ್ಡ್ ಆ ಲಾಕ್ ಕೇಳಿದ ಕ್ಷಣ ಹೆಪ್ಪುಗಟ್ಟುತ್ತದೆ. ಕ್ಲೀನಪ್ ಕೋಡ್ ಲಾಕ್ ಹಿಡಿಯುವಂತಿದ್ದರೆ ಚೈಲ್ಡ್ ಮುಗಿಯುವ ಹೊತ್ತಿಗೆ ಸಿಕ್ಕಿಬೀಳುತ್ತದೆ. ಥ್ರೆಡ್‌ಗಳಿರುವ ಪ್ರೊಸೆಸ್ ಫೋರ್ಕ್ ಆದರೆ ಪೈಥಾನ್ 3.12 ಎಚ್ಚರಿಕೆ ಕೊಡುತ್ತದೆ. ಅದನ್ನು ಅಡಗಿಸಬೇಡಿ, ಕಾರಣ ಹುಡುಕಿ.

ಲೈಬ್ರರಿ ಬರೆಯುವವರಿಗೆ 3.7ರಿಂದ ‘ಓಎಸ್.ರಿಜಿಸ್ಟರ್_ಅಟ್_ಫೋರ್ಕ್’ ಇದೆ. ಫೋರ್ಕ್‌ಗೆ ಮುನ್ನ ಲಾಕ್ ಹಿಡಿಯಿರಿ, ಪೇರೆಂಟ್‌ನಲ್ಲಿ ಬಿಡಿ, ಚೈಲ್ಡ್‌ನಲ್ಲಿ ಹೊಸ ಲಾಕ್ ಕಟ್ಟಿ.

13. ಹಂಚಿಕೊಂಡ ಮೆಮೊರಿ: ಕ್ಲೋಸ್ ಎಲ್ಲರೂ, ಅನ್‌ಲಿಂಕ್ ಒಬ್ಬರೇ

ಪ್ರೊಸೆಸ್ ಸತ್ತರೆ ಅದರ ಮೆಮೊರಿ, ಸಾಕೆಟ್, ತೆರೆದ ಫೈಲ್‌ಗಳನ್ನು ಕರ್ನಲ್ ವಾಪಸು ಪಡೆಯುತ್ತದೆ. ಹೆಸರಿರುವ ಹಂಚಿಕೆಯ ಮೆಮೊರಿ ಹಾಗಲ್ಲ. ಲಿನಕ್ಸ್‌ನಲ್ಲಿ ಅದು ‘/ಡೆವ್/ಎಸ್‌ಎಚ್‌ಎಂ’ ಒಳಗೆ ಉಳಿದುಬಿಡುತ್ತದೆ. ಪೈಥಾನ್ 3.8ರಲ್ಲಿ ಬಂದ ‘ಶೇರ್ಡ್_ಮೆಮೊರಿ’ ಮಾಡ್ಯೂಲ್‌ನಲ್ಲಿ ಎರಡು ಬೇರೆ ಕರೆಗಳಿರುವುದು ಇದಕ್ಕೇ. ಬಳಸಿದ ಪ್ರತಿ ಪ್ರೊಸೆಸ್ ‘ಕ್ಲೋಸ್’ ಕರೆಯಬೇಕು. ಸೃಷ್ಟಿಸಿದ ಪ್ರೊಸೆಸ್ ಮಾತ್ರ, ಎಲ್ಲರ ಕೆಲಸ ಮುಗಿದ ಮೇಲೆ, ‘ಅನ್‌ಲಿಂಕ್’ ಕರೆಯಬೇಕು.

ಹಿನ್ನೆಲೆಯಲ್ಲಿ ‘ರಿಸೋರ್ಸ್ ಟ್ರ್ಯಾಕರ್’ ಎಂಬ ಕಾವಲು ಪ್ರೊಸೆಸ್ ಇದ್ದು, ಮರೆತುಹೋದದ್ದನ್ನು ಕೊನೆಯಲ್ಲಿ ಅಳಿಸಿ ಎಚ್ಚರಿಕೆ ಮುದ್ರಿಸುತ್ತದೆ. ಸಂಬಂಧವಿಲ್ಲದ ಇನ್ನೊಂದು ಪ್ರೋಗ್ರಾಂ ಅದೇ ಮೆಮೊರಿಗೆ ಸೇರಿಕೊಂಡರೆ ಅದರ ಕಾವಲುಗಾರ ಬೇಗನೇ ಅಳಿಸಿಬಿಡಬಹುದು; ಅಂಥ ಕಡೆ 3.13ರಿಂದ ‘ಟ್ರ್ಯಾಕ್=ಫಾಲ್ಸ್’ ಕೊಡಬಹುದು.

14. ಫೋರ್ಕ್‌ಗೆ ಮುನ್ನ ಜಿಸಿ ಫ್ರೀಜ್ ಮಾಡಿ

ಪೇರೆಂಟ್‌ನಲ್ಲಿ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಕಸವಾಗಿದ್ದೂ ಇನ್ನೂ ಗುಡಿಸದ ಆಬ್ಜೆಕ್ಟ್‌ಗಳು ಇರುತ್ತವೆ. ಫೋರ್ಕ್ ಆದ ಮೇಲೆ ಎರಡೂ ಪ್ರೊಸೆಸ್‌ಗಳ ಗಾರ್ಬೇಜ್ ಕಲೆಕ್ಟರ್ ಅವನ್ನು ಗುಡಿಸುತ್ತದೆ. ಕ್ಲೀನಪ್ ಎರಡು ಸಲ. ಪೇರೆಂಟ್‌ನ ಆರಂಭದಲ್ಲಿ ‘ಜಿಸಿ.ಡಿಸೇಬಲ್’, ಫೋರ್ಕ್‌ಗೆ ತುಸು ಮುನ್ನ ‘ಜಿಸಿ.ಫ್ರೀಜ್’, ಚೈಲ್ಡ್‌ನ ಆರಂಭದಲ್ಲಿ ‘ಜಿಸಿ.ಎನೇಬಲ್’ ಎಂಬುದು ಪೈಥಾನ್ ದಸ್ತಾವೇಜಿನ ಸಲಹೆ. ಫ್ರೀಜ್ ಆದವನ್ನು ಚೈಲ್ಡ್‌ನ ಕಲೆಕ್ಟರ್ ಮುಟ್ಟುವುದಿಲ್ಲ.

ಇದರಿಂದ ಮೆಮೊರಿಯೂ ಉಳಿಯುತ್ತದೆ. ಪೇರೆಂಟ್ ಅಥವಾ ಚೈಲ್ಡ್ ಒಂದು ಪುಟಕ್ಕೆ ಬರೆದಾಗ ಮಾತ್ರ ಕರ್ನಲ್ ಆ ಪುಟವನ್ನು ನಕಲು ಮಾಡುತ್ತದೆ; ಕಲೆಕ್ಟರ್ ಸುಮ್ಮನೆ ತಪಾಸಣೆ ಮಾಡಿದರೂ ಬರೆದಂತಾಗುತ್ತದೆ. ಇನ್‌ಸ್ಟಾಗ್ರಾಂ ಎಂಜಿನಿಯರ್‌ಗಳು ಇದೇ ಕಾರಣಕ್ಕೆ ಜಿಸಿಯನ್ನೇ ಆರಿಸಿ ನೋಡಿದ್ದನ್ನು 2017ರಲ್ಲಿ ಬರೆದರು. ಅವರ ಕೆಲಸದಿಂದ ಬಂದ ‘ಜಿಸಿ.ಫ್ರೀಜ್’ ಪೈಥಾನ್ 3.7ಕ್ಕೆ ಸೇರಿತು. ರೆಫರೆನ್ಸ್ ಎಣಿಕೆಯಿಂದ ಆಗುವ ಬರಹ ಮಾತ್ರ ಇದರಿಂದ ನಿಲ್ಲದು.

15. ಸ್ಟಾರ್ಟ್ ಮೆಥಡ್ ಹೆಸರು ಹೇಳಿ ಆರಿಸಿ, ಎಲ್ಲದರಲ್ಲೂ ಪರೀಕ್ಷಿಸಿ

ಫೋರ್ಕ್ ಒಂದೇ ದಾರಿಯಲ್ಲ. ಪೈಥಾನ್ 3.4ರಿಂದ ಯುನಿಕ್ಸ್‌ನಲ್ಲಿ ಸ್ಪಾನ್, ಫೋರ್ಕ್‌ಸರ್ವರ್ ಎರಡೂ ಲಭ್ಯ. ವಿಂಡೋಸ್‌ನಲ್ಲಿ ಸ್ಪಾನ್ ಮಾತ್ರ. ಮ್ಯಾಕ್‌ಓಎಸ್‌ನಲ್ಲಿ 3.8ರಿಂದ ಸ್ಪಾನ್ ರೂಢಿಯಾಯಿತು. 2025ರ ಅಕ್ಟೋಬರ್‌ನಲ್ಲಿ ಬಂದ 3.14ರಿಂದ ಲಿನಕ್ಸ್‌ನಲ್ಲೂ ಫೋರ್ಕ್ ಬದಲು ಫೋರ್ಕ್‌ಸರ್ವರ್ ರೂಢಿ. ಕ್ಲೀನಪ್ ಮೂರರಲ್ಲೂ ಒಂದೇ ಅಲ್ಲ: ಸ್ಪಾನ್ ಚೈಲ್ಡ್ ಪೂರ್ಣ ಪೈಥಾನ್ ದಾರಿಯಲ್ಲಿ ಮುಗಿಯುತ್ತದೆ, ಫೋರ್ಕ್, ಫೋರ್ಕ್‌ಸರ್ವರ್ ಚೈಲ್ಡ್‌ಗಳು ‘ಓಎಸ್._ಎಕ್ಸಿಟ್’ ಮೂಲಕ. ಆದ್ದರಿಂದ ರೂಢಿಯ ಮೇಲೆ ನಿಲ್ಲಬೇಡಿ; ‘ಗೆಟ್_ಕಾಂಟೆಕ್ಸ್ಟ್’ ಬಳಸಿ ಹೆಸರು ಹೇಳಿ ಆರಿಸಿ. ಹೊಸ ಪ್ರಾಜೆಕ್ಟ್‌ಗೆ ಸ್ಪಾನ್ ಅಥವಾ ಫೋರ್ಕ್‌ಸರ್ವರ್ ಒಳ್ಳೆಯದು: ಪೇರೆಂಟ್ ತೆರೆದ ಕನೆಕ್ಷನ್‌ಗಳ ಪ್ರತಿ ಚೈಲ್ಡ್‌ಗೆ ಬರುವುದೇ ಇಲ್ಲ.

ಪರೀಕ್ಷೆ ಹೀಗಿರಲಿ. ‘-ಎಕ್ಸ್ ಡೆವ್’ ಆಯ್ಕೆಯೊಂದಿಗೆ ಓಡಿಸಿ. ಮುಚ್ಚದ ಫೈಲುಗಳ ಎಚ್ಚರಿಕೆ ಕಾಣುತ್ತದೆ. ‘ಲಾಗ್_ಟು_ಎಸ್‌ಟಿಡಿಇಆರ್‌ಆರ್’ಗೆ ಡೀಬಗ್‌ಗಿಂತಲೂ ಕೆಳಗಿನ 5ನೇ ಮಟ್ಟ ಕೊಟ್ಟರೆ ಯಾವ ಫೈನಲೈಸರ್ ಯಾವಾಗ ಓಡಿತು ಎಂಬುದು ಮುದ್ರಣವಾಗುತ್ತದೆ. ಓಡುತ್ತಿರುವ ಚೈಲ್ಡ್‌ನ ‘/ಪ್ರಾಕ್’ ಫೋಲ್ಡರಿನಲ್ಲಿ ‘ಎಫ್‌ಡಿ’ ತೆರೆದು ಅದು ಏನೇನು ಹಿಡಿದುಕೊಂಡಿದೆ ಎಂದು ಎಣಿಸಿ. ನಡುವೆ ಒಂದು ವರ್ಕರನ್ನು ಬೇಕೆಂದೇ ಸಿಗ್‌ಕಿಲ್‌ನಿಂದ ಕೊಂದು ಉಳಿದವು ಏನು ಮಾಡುತ್ತವೆ ನೋಡಿ; ‘ಪೂಲ್’ ಆ ಕೆಲಸದ ಉತ್ತರಕ್ಕೆ ಕಾಯುತ್ತಲೇ ಇರಬಹುದು, ‘ಪ್ರೊಸೆಸ್‌ಪೂಲ್‌ಎಕ್ಸಿಕ್ಯೂಟರ್’ ಆದರೆ ‘ಬ್ರೋಕನ್‌ಪ್ರೊಸೆಸ್‌ಪೂಲ್’ ಎಂದು ಕೂಗುತ್ತದೆ.

ಇಷ್ಟನ್ನು ಮಾಡಿದ ಪ್ರೋಗ್ರಾಂ ನಾಲ್ಕು ವರ್ಕರ್‌ಗಳಿಂದ ನಲವತ್ತಕ್ಕೆ ಹೋದರೂ ಕ್ಲೀನಪ್ ಗೊಂದಲಕ್ಕೆ ಹೆದರಬೇಕಿಲ್ಲ. ಮುಂದಿನ ಕೋಡ್ ರಿವ್ಯೂನಲ್ಲಿ ‘ಪ್ರೊಸೆಸ್’ ಅಥವಾ ‘ಪೂಲ್’ ಎಂಬ ಹೆಸರು ಕಂಡ ಕಡೆಯೆಲ್ಲ ನಿಂತು ಮೂರು ಪ್ರಶ್ನೆ ಕೇಳಿ: ಇದನ್ನು ತೆರೆದ ಪ್ರೊಸೆಸ್ ಯಾವುದು, ಮುಚ್ಚುವ ಸಾಲು ಎಲ್ಲಿದೆ, ಚೈಲ್ಡ್ ನಡುವೆಯೇ ಸತ್ತರೆ ಏನು ಉಳಿಯುತ್ತದೆ? ಮೂರಕ್ಕೂ ಉತ್ತರ ಸಿಕ್ಕ ಮೇಲೆ ಮಾತ್ರ ಆ ಕೋಡ್‌ಗೆ ಒಪ್ಪಿಗೆ ಕೊಡಿ.